ಬೋನಸ್ ಬೇಡ ಸಾರ್, ಬೈಗುಳ ಸಾಕು

ಬೋನಸ್‌ಗೆ ಎಷ್ಟು ಪರ್ಸೆಂಟ್ ತೆರಿಗೆ ಎಂದು ಕೇಳಿದರೆ ಅಕೌಂಟ್ಸ್‌ನವರು ನಗುತ್ತಾರೆ. ಅದಕ್ಕೆಂದೇ ಬೇರೆ ದರ ಇಲ್ಲ. ಕಾನೂನಿನ ಕಣ್ಣಲ್ಲಿ ಬೋನಸ್ಸೂ ಸಂಬಳವೇ; ವರ್ಷದ ಆದಾಯಕ್ಕೆ ಸೇರಿಸಿ ಸ್ಲ್ಯಾಬ್ ಪ್ರಕಾರ ಹಿಡಿಯುತ್ತಾರೆ. ಹಾಗಾದರೆ ಹತ್ತೋ ಹದಿನೈದೋ ಪರ್ಸೆಂಟ್ ಹೋದೀತು ಎಂದುಕೊಂಡವರು ಪೆನ್ನು ಹಿಡಿದು ಕೂರಲಿ. ತಕ್ಕ ಜಾಗದಲ್ಲಿ ನಿಂತವನಿಗೆ ಈ ದರ ನೂರಾನಾಲ್ಕು ಪರ್ಸೆಂಟ್.

2025ರ ಬಜೆಟ್ಟಿಗೆ ನಾವೆಲ್ಲ ಚಪ್ಪಾಳೆ ತಟ್ಟಿದ ಜಾಗವೇ ಅದು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. ಸಂಬಳದಾರರಿಗೆ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಸ್ಲ್ಯಾಬ್ ಪ್ರಕಾರ 60 ಸಾವಿರ ತೆರಿಗೆ ಬರುತ್ತದೆ, ರಿಬೇಟ್ ಅಷ್ಟನ್ನೂ ಮನ್ನಾ ಮಾಡುತ್ತದೆ. ಈಗ ಸರಿಯಾಗಿ 12.75 ಲಕ್ಷ ಸಂಬಳದವನೊಬ್ಬ ವರ್ಷವಿಡೀ ನಿದ್ದೆಗೆಟ್ಟು ದುಡಿದ ಎನ್ನಿ. ಕಂಪನಿ ಮೆಚ್ಚಿ ಮಾರ್ಚ್‌ನಲ್ಲಿ 50 ಸಾವಿರ ಬೋನಸ್ ಕೊಟ್ಟಿತು. ಗೆರೆ ದಾಟಿದ, ರಿಬೇಟ್ ಹೋಯಿತು. ತೆರಿಗೆ 67,500.

ಆದರೆ ಸರ್ಕಾರಕ್ಕೂ ಕರುಳಿದೆ. ಅದರ ಹೆಸರು ಮಾರ್ಜಿನಲ್ ರಿಲೀಫ್. ಗೆರೆಗಿಂತ ಹೆಚ್ಚು ಬಂದದ್ದೆಷ್ಟೋ, ತೆರಿಗೆ ಅದನ್ನು ಮೀರಬಾರದು ಎನ್ನುವ ಉದಾತ್ತ ನಿಯಮ. ಅಂದರೆ 50 ಸಾವಿರ ಬಂದಿದ್ದರೆ 50 ಸಾವಿರ ಮಾತ್ರ ತೆಗೆದುಕೊಳ್ಳುತ್ತಾರೆ! ಹೀಗೆ ಕರುಣೆ ತೋರಿಸಿದ ಮೇಲೆ ಅದರ ಮೇಲೊಂದು ಶೇ. 4ರ ಸೆಸ್, 2,000 ರೂಪಾಯಿ. ಒಟ್ಟು 52 ಸಾವಿರ. ಹಿಂದಿನ ತಿಂಗಳುಗಳಲ್ಲಿ ಏನೂ ಹಿಡಿದಿಲ್ಲವಾದ್ದರಿಂದ ಟಿಡಿಎಸ್ ಪೂರ್ತಿ ಮಾರ್ಚ್‌ನಲ್ಲೇ. ಬೋನಸ್ ಬಂದ ತಿಂಗಳು ಕೈಗೆ ಬಂದದ್ದು ಫೆಬ್ರವರಿಗಿಂತ ಕಮ್ಮಿ.

ಸೆಸ್‌ನ ಪೂರ್ಣ ಹೆಸರು ಆರೋಗ್ಯ ಮತ್ತು ಶಿಕ್ಷಣ ಸೆಸ್. ಅನ್ವರ್ಥನಾಮ: ಪೇ ಸ್ಲಿಪ್ ನೋಡಿದವನಿಗೆ ಬಿಪಿ ಏರುತ್ತದೆ, ಗಣಿತವೂ ಬರುತ್ತದೆ. ಈ ಹಣ ರಾಜ್ಯಗಳಿಗೆ ಹಂಚುವ ರಾಶಿಗೆ ಸೇರುವುದಿಲ್ಲವೆಂದು ಕರ್ನಾಟಕ ಕಣ್ಣೀರಿಡಬೇಕಿಲ್ಲ. ತಿಂಗಳಿಗೆ 200ರ ವೃತ್ತಿ ತೆರಿಗೆಯನ್ನು ಅದು ಫೆಬ್ರವರಿಯಲ್ಲಿ 300 ಮಾಡಿ, ಸಂವಿಧಾನ ಹಾಕಿದ ವಾರ್ಷಿಕ 2,500ರ ಮಿತಿಯನ್ನು ರೂಪಾಯಿ ಬಿಡದೆ ಮುಟ್ಟಿದೆ.

ಬೋನಸ್ ದೊಡ್ಡದಾದರೆ ಬಚಾವು ಎನ್ನುವವರಿಗೂ ಲೆಕ್ಕವಿದೆ. 12.75 ಲಕ್ಷದವನಿಗೆ ಒಂದು ಲಕ್ಷ ಬಂದರೆ 78 ಸಾವಿರ ತೆರಿಗೆ, 22 ಸಾವಿರ ಅವನಿಗೆ. ಸುಮಾರು 74 ಸಾವಿರದವರೆಗಿನ ಬೋನಸ್ಸೆಲ್ಲ ದುಡಿದದ್ದಕ್ಕೆ ದಂಡ. ಪಕ್ಕದ ಕುರ್ಚಿಯಲ್ಲಿ ರೀಲ್ಸ್ ನೋಡುತ್ತಾ ವರ್ಷ ಕಳೆದು, ಬೋನಸ್ಸಿಲ್ಲದೆ ಕೂತಿದ್ದಾನಲ್ಲ, ತೆರಿಗೆ ಯೋಜನೆ ಎಂದರೆ ಅವನದು.

ಪಾರಾಗುವ ದಾರಿ ಇಲ್ಲವೆಂದಲ್ಲ. ಕಂಪನಿಯೇ ತನ್ನ ಪಾಲಾಗಿ ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಕಟ್ಟಿದರೆ ಮೂಲವೇತನದ ಶೇ. 14ರವರೆಗೆ ತೆರಿಗೆ ಇಲ್ಲ. ಈ ವರ್ಷ ದುಡಿದದ್ದಕ್ಕೆ ಅರವತ್ತು ತುಂಬಿದಾಗ ಬಹುಮಾನ. ಮೊಮ್ಮಗನ ಜೊತೆ ಸಂಭ್ರಮಿಸಬಹುದು. ಇನ್ನೊಂದು ದಾರಿ ಸ್ವೀಟ್ ಬಾಕ್ಸ್. ವರ್ಷಕ್ಕೆ ಸರ್ಕಾರ ಹಾಕಿದ ಸಣ್ಣ ಮಿತಿಯೊಳಗಿನ ಉಡುಗೊರೆಗೆ ತೆರಿಗೆ ಇಲ್ಲ. ದೀಪಾವಳಿಗೆ ಅರ್ಧ ಕಿಲೋ ಸೋನ್ ಪಾಪಡಿ ಕೊಟ್ಟ ಮಾಲೀಕನನ್ನು ಜಿಪುಣ ಎಂದು ಆಡಿಕೊಳ್ಳುತ್ತೇವೆ. ಪಾಪ, ಮನೆ ಮುಟ್ಟುವ ಬೋನಸ್ ಕೊಟ್ಟವನು ಅವನೊಬ್ಬನೇ.

ಆದ್ದರಿಂದ ಗೆರೆಯ ಅಂಚಿನಲ್ಲಿರುವ ಬಂಧುಗಳಲ್ಲಿ ವಿನಂತಿ. ಅಪ್ರೈಸಲ್ ದಿನ ಮ್ಯಾನೇಜರ್ ಕೈಹಿಡಿದು ಹೇಳಿ: "ಸಾರ್, ಈ ವರ್ಷ ನನ್ನ ಕೆಲಸ ಅಷ್ಟಕ್ಕಷ್ಟೆ. ಎಲ್ಲರೆದುರು ನಾಲ್ಕು ಮಾತು ಬೈದುಬಿಡಿ. ಅದಕ್ಕೆ ಇನ್ನೂ ಟಿಡಿಎಸ್ ಬಂದಿಲ್ಲ."