ಅರ್ಧ ಸಾಕು

ಅರ್ಧರಾಯರು ನಮ್ಮ ಬೀದಿಯಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರು ಸಿಗುತ್ತಾರೆ. ನಿವೃತ್ತರು, ಸಜ್ಜನರು, ಕಾಲಿಗೆ ಅಮೆರಿಕದ ಮಗ ಕಳಿಸಿದ ಶೂ. ‘ಶುಗರ್ ಇದೆಯಾ ರಾಯರೇ?’ ಎಂದು ಕೇಳಿ ನೋಡಿ. ‘ಛೆ ಛೆ, ಬಾರ್ಡರ್‌ನಲ್ಲಿದ್ದೀನಿ’ ಎನ್ನುತ್ತಾರೆ, ಸಿಯಾಚಿನ್‌ನಿಂದ ಈಗಷ್ಟೇ ರಜೆಗೆ ಬಂದವರ ಗತ್ತಿನಲ್ಲಿ.

ತಟ್ಟೆ ಮುಂದೆ ಬಂದಾಗ ಅವರ ಬಾಯಿಂದ ಹೊರಡುವುದು ಎರಡೇ ಪದ: ‘ಅರ್ಧ ಸಾಕು’. ಬೇಡ ಎಂದರೆ ಮನೆಯವರಿಗೆ ಬೇಜಾರು, ಪೂರ್ತಿ ತಿಂದರೆ ದೇಹಕ್ಕೆ ಬೇಜಾರು. ಇಬ್ಬರನ್ನೂ ನೋಯಿಸದ ಮಧ್ಯಮಮಾರ್ಗ ಇದು ಎಂಬುದು ರಾಯರ ನಂಬಿಕೆ. ಅವರ ಲೆಕ್ಕಶಾಸ್ತ್ರದ ಮೂಲಸೂತ್ರವೂ ಇದೇ: ಅರ್ಧ ಎನ್ನುವುದು ಲೆಕ್ಕಕ್ಕಿಲ್ಲ. ನಿಂತುಕೊಂಡು ತಿಂದದ್ದೂ ಇಲ್ಲ, ರುಚಿ ನೋಡಿದ್ದೂ ಇಲ್ಲ. ಪ್ರಸಾದವಂತೂ ಇಲ್ಲವೇ ಇಲ್ಲ.

ಬೆಳಗ್ಗೆ ಆರಕ್ಕೆ ಪಾರ್ಕು. ನಾಲ್ಕು ಸುತ್ತು ಬಿರುಸಿನ ನಡಿಗೆ, ಆಮೇಲೆ ಪರಿವಾರಸಮೇತ ಮೂಲೆಯ ದರ್ಶಿನಿ. ಅಲ್ಲಿ ರಾಯರ ಆರ್ಡರ್ ಎಂದೂ ಬದಲಾಗಿದ್ದಿಲ್ಲ, ಚೌಚೌ ಬಾತ್. ಒಂದು ಗುಡ್ಡೆ ಖಾರಾಬಾತು, ಒಂದು ಗುಡ್ಡೆ ಕೇಸರಿಬಾತು. ‘ಇದರಲ್ಲಿ ಎಲ್ಲಾ ಅರ್ಧರ್ಧವೇ’ ಎಂದು ಅವರು ಸಮಾಧಾನದಿಂದ ಚಮಚ ಎತ್ತುತ್ತಾರೆ. ಮೇಲೆ ಬೈಟು ಕಾಫಿ, ಸಕ್ಕರೆ ಇಲ್ಲದ್ದು. ‘ನೋಡಪ್ಪಾ, ಶುಗರ್‌ಲೆಸ್!’ ಎಂದು ಕೌಂಟರಿನ ಹುಡುಗನಿಗೆ ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳುತ್ತಾರೆ. ಕೇಸರಿಬಾತಿನಲ್ಲಿ ಕಂಡ ಗೋಡಂಬಿಯ ವಿಷಯ ಮಾತ್ರ ಗುಟ್ಟಾಗಿಯೇ ಉಳಿಯುತ್ತದೆ.

ಸಕ್ಕರೆಯನ್ನು ಅವರು ಶತ್ರು ಎಂದು ಘೋಷಿಸಿ ಬಹಳ ಕಾಲವಾಯಿತು. ಬೆಲ್ಲ ಮಿತ್ರಪಕ್ಷ. ‘ಬೆಲ್ಲದಲ್ಲಿ ಕಬ್ಬಿಣ ಇದೆ ರೀ’ ಎನ್ನುತ್ತಾರೆ, ಭದ್ರಾವತಿ ಕಾರ್ಖಾನೆಯನ್ನೇ ನೆಚ್ಚಿಕೊಂಡವರಂತೆ. ಬೆಲ್ಲವೂ ಕಬ್ಬಿನ ಮಗುವೇ, ಗ್ರಾಮಿಗೆ ಹೆಚ್ಚೂಕಡಿಮೆ ನಾಲ್ಕು ಕ್ಯಾಲೊರಿ ಅದರಲ್ಲೂ ಇದೆ, ರಕ್ತಕ್ಕೆ ಇಳಿದ ಮೇಲೆ ಅಣ್ಣ ಯಾರು ತಮ್ಮ ಯಾರು ಎಂದು ಮೇದೋಜೀರಕ ಗ್ರಂಥಿ ವಿಚಾರಿಸುವುದಿಲ್ಲ ಎಂದು ಹೇಳಲು ಹೋದವರು ಸೋತು ಬಂದಿದ್ದಾರೆ. ಮೈಸೂರುಪಾಕಿನದು ಬೆಲ್ಲದ ಕಥೆಯಲ್ಲವಲ್ಲ ಎಂದರೆ ರಾಯರು ಇತಿಹಾಸಕ್ಕೆ ಜಿಗಿಯುತ್ತಾರೆ. ‘ನಾಲ್ವಡಿಯವರ ಅರಮನೆ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಮಾಡಿದ್ದು ಅಂತಾರೆ. ಅದನ್ನ ಬೇಡ ಅನ್ನೋದು ನಾಡದ್ರೋಹ.’ ನಾಡಿನ ಮೇಲಿನ ಅಭಿಮಾನವನ್ನೂ ಅವರು ಅರ್ಧರ್ಧವಾಗಿಯೇ ತೀರಿಸುವುದು, ದಿನಕ್ಕೆ ನಾಲ್ಕು ಸಲ.

ಮದುವೆಮನೆಯಲ್ಲಿ ರಾಯರನ್ನು ನೋಡಬೇಕು. ಎಲೆಯ ಮುಂದೆ ಕೂತು ಮೊದಲು ಕೋಸಂಬರಿ, ಪಲ್ಯಗಳನ್ನು ಎಲೆಯ ಅಂಚಿಗೆ ಒತ್ತರಿಸಿ ಮಧ್ಯೆ ಜಾಗ ಮಾಡಿಕೊಳ್ಳುತ್ತಾರೆ. ಹೋಳಿಗೆಯವನು ಬಂದ. ‘ಅರ್ಧ ಸಾಕಪ್ಪಾ, ಬಾರ್ಡರು!’ ಅವನು ಹೋಳಿಗೆ ಹರಿದು ಅರ್ಧ ಹಾಕಿದ. ಹಿಂದೆಯೇ ಬಂದ ತುಪ್ಪದವನಿಗೆ ಅರ್ಧದ ಅರಿವಿಲ್ಲ, ಪೂರ್ತಿ ಹೋಳಿಗೆಗೆ ಆಗುವಷ್ಟು ಸುರಿದ. ರಾಯರು ಎಲೆ ನೋಡಿದರು. ತುಪ್ಪ ಮಿಕ್ಕಿ ಹರಿಯುತ್ತಿದೆ, ವ್ಯರ್ಥ ಮಾಡುವುದು ಪಾಪ. ‘ಏ ಇಲ್ಲಿ ಬಾ, ಆ ಇನ್ನರ್ಧ ಏನು ಮಾಡಿದೆ?’ ಅದು ಬಂತು. ಈಗ ತುಪ್ಪ ಸಾಲದು. ತುಪ್ಪದವನನ್ನು ಕರೆದರು. ಅವನು ಮತ್ತೆ ಧಾರಾಳವಾಗಿ ಸುರಿದ. ಹೀಗೆ ಹೋಳಿಗೆಗೂ ತುಪ್ಪಕ್ಕೂ ಸರಿದೂಗಿಸುತ್ತ ರಾಯರು ಮಜ್ಜಿಗೆಗೆ ಬರುವಷ್ಟರಲ್ಲಿ ಪಕ್ಕದ ಪಂಕ್ತಿಯವರು ಕೈ ತೊಳೆದು ತಾಂಬೂಲ ತೆಗೆದುಕೊಂಡಾಗಿತ್ತು. ಎದ್ದ ಮೇಲೆ ಕೇಳಿದರೆ ಉತ್ತರ: ‘ಹೋಳಿಗೆ? ಅರ್ಧ ಹಾಕಿಸ್ಕೊಂಡೆ ಅಷ್ಟೆ.’ ಸುಳ್ಳಲ್ಲ. ಎಷ್ಟು ಸಲ ಎಂದು ಯಾರೂ ಕೇಳಿರಲಿಲ್ಲ.

ರಕ್ತಪರೀಕ್ಷೆ ಹತ್ತಿರ ಬಂದರೆ ರಾಯರು ಸನ್ಯಾಸಿ. ವಾರಕ್ಕೆ ಮುಂಚಿನಿಂದ ಮೆಂತ್ಯದ ನೀರು, ಹಾಗಲಕಾಯಿ ರಸ, ರಾತ್ರಿ ಒಂದು ರಾಗಿ ರೊಟ್ಟಿ. ಬರೀ ಹೊಟ್ಟೆಯ ಸಕ್ಕರೆ ನೋಡುತ್ತಿದ್ದ ಕಾಲದಲ್ಲಿ ಈ ಉಪಾಯ ನಡೆಯುತ್ತಿತ್ತು. ಈ ಸಲದ ವೈದ್ಯೆ ಎಚ್‌ಬಿಎ1ಸಿ ಬರೆದುಕೊಟ್ಟರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಸಕ್ಕರೆ ಅದಕ್ಕೆ ಅಂಟುತ್ತಲೇ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಹೇಳುವುದು ಕಳೆದ ಎರಡು ಮೂರು ತಿಂಗಳ ಸರಾಸರಿ. ದಸರೆಯಿಂದ ದೀಪಾವಳಿಯವರೆಗಿನ ಅಷ್ಟೂ ಅರ್ಧಗಳು ಅದರಲ್ಲಿ ಹಾಜರಿ ಹಾಕಿದ್ದವು. ವರದಿಯಲ್ಲಿ 6.3 ಎಂದಿತ್ತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಒಳಮನೆ. ‘ಬಾರ್ಡರ್ ಇನ್ನೂ ದಾಟಿಲ್ಲ ತಾನೇ?’ ಎಂದರು ರಾಯರು. ‘ಒಂದು ಕಾಲು ಎತ್ತಿದ್ದೀರಿ’ ಎಂದರು ವೈದ್ಯೆ.

ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಶೇ 10 ಮೀರದಿರಲಿ, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ, ಶೇ 5 ಅಂದರೆ ಸುಮಾರು 25 ಗ್ರಾಂ, ಆರು ಟೀ ಚಮಚ ಎಂದು ಆಕೆ ವಿವರಿಸಿದರು. ರಾಯರ ಮುಖ ಅರಳಿತು. ‘ಆರು ಚಮಚ ಅವಕಾಶ ಇದೆಯಾ! ನಾನು ಕಾಫಿಗೆ ಒಂದೂ ಹಾಕ್ಕೊಳಲ್ಲ. ಹಾಗಾದ್ರೆ ಆರೂ ಬಾಕಿ ಇದೆ.’

ಪಕ್ಕದ ಕುರ್ಚಿಯಲ್ಲಿದ್ದ ಅವರ ಹೆಂಡತಿ ಒಂದು ಮಾತೂ ಆಡಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನಗದು ಎಣಿಸಿ ನಿವೃತ್ತರಾದವರು. ಹರಿದ ನೋಟನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟವರಲ್ಲ.

ಮನೆಗೆ ಬಂದು ಆಕೆ ಉಪದೇಶ ಮಾಡಲಿಲ್ಲ, ಮೆಂತ್ಯದ ನೀರನ್ನೂ ಕೊಡಲಿಲ್ಲ. ಮೂರು ಕೆಲಸ ಮಾಡಿದರು. ಮೊದಲನೆಯದು, ಮಧ್ಯಾಹ್ನದ ಊಟ. ‘ಅರ್ಧ ಊಟ ಸಾಕು’ ಎಂದು ತಿಳಿಸಾರನ್ನದಲ್ಲಿ ಏಳುತ್ತಿದ್ದ ರಾಯರ ಎಲೆಗೆ ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಪಲ್ಯ, ಕಾಳಿನ ಹುಳಿ ಮೊದಲು ಬಿತ್ತು, ಅನ್ನ ಆಮೇಲೆ. ನಾಲ್ಕೂವರೆಗೆ ಡಬ್ಬಿಗಳತ್ತ ಎಳೆಯುತ್ತಿದ್ದದ್ದು ಚಪಲ ಎಂದು ರಾಯರು ತಿಳಿದಿದ್ದರು; ಅದರಲ್ಲಿ ಬಹುಪಾಲು ಹಸಿವೇ ಆಗಿತ್ತು. ಎರಡನೆಯದು, ಡಬ್ಬಿಗಳು. ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ, ಕಾಂಗ್ರೆಸ್ ಕಡಲೆಕಾಯಿಯ ನಾಲ್ಕೂ ಡಬ್ಬಿಗಳಲ್ಲಿ ಅವಲಕ್ಕಿ, ರಾಗಿಹಿಟ್ಟು, ಹುರುಳಿ, ಕಡಲೆ ತುಂಬಿದವು. ನಿಪ್ಪಟ್ಟು ಬೇಕೆನಿಸಿದರೆ ಬೇಕರಿಗೆ ನಡೆದು ಹೋಗಿ ಒಂದು ತರಬಹುದು. ಮೊಣಕಾಲು ಒಪ್ಪಿದ ದಿನ ರಾಯರು ತರುತ್ತಾರೆ, ಒಪ್ಪದ ದಿನ ಆಸೆ ಅಲ್ಲೇ ಕರಗುತ್ತದೆ.

ಮೂರನೆಯದು ಕಾನೂನು. ‘ಈ ಮನೇಲಿ ಇನ್ಮೇಲೆ ಅರ್ಧ ಅನ್ನೋದಿಲ್ಲ. ತಿಂದರೆ ಪೂರ್ತಿ ಒಂದು. ತಟ್ಟೇಲಿ ಹಾಕ್ಕೊಂಡು, ಕೂತ್ಕೊಂಡು, ಎಲ್ಲರ ಎದುರಿಗೆ.’

ರಾಯರು ಹಿಗ್ಗಿದರು. ಪೂರ್ತಿ! ಮೊದಲ ಭಾನುವಾರ ಒಂದಿಡೀ ಒಬ್ಬಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಕೂತರು. ಮೊಮ್ಮಗಳು ನೋಡುತ್ತಿದ್ದಳು, ಹೆಂಡತಿ ನೋಡುತ್ತಿದ್ದರು. ಅಂಚು ಮುರಿದು ಬಾಯಿಗಿಟ್ಟರು. ಹೂರಣಕ್ಕೆ ಏಲಕ್ಕಿ ಹಾಕಿದ್ದಾರೆ ಎಂಬುದು ಅವರಿಗೆ ಅಂದು ಗೊತ್ತಾಯಿತು. ಅಷ್ಟು ವರ್ಷ ನಿಂತು ನುಂಗುವ ಅವಸರದಲ್ಲಿ ನಾಲಿಗೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಮುಗಿಯಿತು. ಇನ್ನೊಂದು ಬೇಕು ಎನ್ನಬೇಕಾದರೆ ‘ಎರಡು’ ಎಂಬ ಪದವನ್ನು ಬಾಯಿಬಿಟ್ಟು ಹೇಳಬೇಕು, ಮೊಮ್ಮಗಳಿಗೆ ಎಣಿಕೆ ಬರುತ್ತದೆ. ರಾಯರು ಕೈ ತೊಳೆದರು.

ಮುಂದಿನ ವರದಿಯಲ್ಲಿ 5.9. ಸಂತೋಷ ತಡೆಯಲಾರದೆ ಬೀದಿಗೆಲ್ಲ ಸಿಹಿ ಹಂಚಬೇಕೆಂದರು. ‘ಧಾರವಾಡ ಪೇಡ, ಎರಡು ಕೆಜಿ ತಂದುಬಿಡೋಣ.’ ಹೆಂಡತಿ ತಾವೇ ಅಂಗಡಿಗೆ ಹೋಗಿ ಎಣಿಸಿ ತಂದರು: ಮನೆಗೊಂದರಂತೆ ಹದಿಮೂರು, ರಾಯರಿಗೊಂದು, ತಮಗೊಂದು. ರಾಯರದು ತಟ್ಟೆಯಲ್ಲಿ ಕೂತು ಮುಗಿಯಿತು. ಡಬ್ಬಿ ಹಿಡಿದು ಹೊರಟರು. ಹನ್ನೆರಡು ಮನೆ ಆಯಿತು. ಹದಿಮೂರನೆಯ ಮನೆಗೆ ಬೀಗ.

ರಾಯರು ಡಬ್ಬಿ ತೆರೆದು ನೋಡಿದರು. ಬೀದಿಯಲ್ಲಿ ಯಾರೂ ಇರಲಿಲ್ಲ. ಪೇಡದ ಮೇಲೆ ಹೆಬ್ಬೆರಳಿಟ್ಟು ಎಲ್ಲಿ ಮುರಿದರೆ ಸರಿಯಾಗಿ ಎರಡು ಭಾಗವಾದೀತು ಎಂದು ಅಂದಾಜು ಮಾಡುತ್ತಿದ್ದರು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

‘ಮೂಲೆಮನೆಯವರು ತಿರುಪತಿಗೆ ಹೋಗಿದ್ದಾರೆ, ಮರೆತಿದ್ದೆ’ ಎಂದಿತು ಹೆಂಡತಿಯ ಧ್ವನಿ. ‘ಅದನ್ನ ಪಾರ್ಕಿನ ವಾಚ್‌ಮನ್‌ಗೆ ಕೊಟ್ಬಿಡಿ. ಪೂರ್ತಿ.’