ಪಕ್ಷಿಪಾತ ಮೀಮಾಂಸೆ

ಅಥವಾ, ಮೆಲ್ಬರ್ನ್ ಸೀಮೆಯ ಸೈಕಲ್ ಸವಾರರ ಶಿರೋರಕ್ಷಣೆಯನ್ನು ಕುರಿತ ಶಾಸ್ತ್ರವಿಚಾರ

ಶಾಸ್ತ್ರ ಯಾವುದೇ ಇರಲಿ, ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಆಸ್ಟ್ರೇಲಿಯದ ಮ್ಯಾಗ್‌ಪೈ ಎಂಬ ಕಪ್ಪುಬಿಳಿ ಹಕ್ಕಿ ವಸಂತಕಾಲದಲ್ಲಿ ಸೈಕಲ್ ಸವಾರನ ತಲೆಯ ಮೇಲೆ ಎರಗುವುದು. ಪ್ರಯೋಜನ: ಕಿವಿ ಉಳಿಯುವುದು. ಅಧಿಕಾರಿ: ಸೈಕಲ್ ಇದ್ದು, ಬುದ್ಧಿ ತುಸು ಕಡಿಮೆಯಿದ್ದು, ಆಗಸ್ಟಿನಿಂದ ಅಕ್ಟೋಬರಿನವರೆಗೂ ಅದನ್ನು ಹೊರಗೆ ತೆಗೆಯುವವನು. ಸಂಬಂಧ: ಹಕ್ಕಿಗೂ ತಲೆಗೂ ಇರುವಂಥದ್ದು. ಕ್ಷಣಿಕ, ಆದರೆ ಗಾಢ.

ಕುಲನಿರ್ಣಯ

ಮೊದಲ ಪ್ರಶ್ನೆ ಹಕ್ಕಿಯ ಕುಲದ್ದು. ಅದನ್ನು ಎತ್ತಿದವರು ಯಾವ ವಿಶ್ವವಿದ್ಯಾಲಯದವರೂ ಅಲ್ಲ, ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ನಮ್ಮ ಅತ್ತೆಯವರು. ಕಿವಿಯ ಮೇಲೆ ರಕ್ತದ ಗೆರೆ ಮೂಡಿಸಿಕೊಂಡು ಬಾಗಿಲಲ್ಲಿ ನಿಂತ ಅಳಿಯನನ್ನು ನೋಡಿದ ಅವರು, ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ಇಲ್ಲದ್ದರಿಂದ, ಮಗಳ ಕಡೆ ತಿರುಗಿದರು. “ಏನೇ ಅದು, ಕಾಗೆ ಬಡೀತಾ ಅವರ ತಲೆಗೆ? ಒಳಗೆ ಬರೋಕೆ ಮುಂಚೆ ತಲೆಗೆ ನೀರು ಹಾಕ್ಕೋಬೇಕು ಅಂತ ಹೇಳೇ. ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿದರಾಯ್ತು.”

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವನು ಶಾಸ್ತ್ರಜ್ಞನಲ್ಲ. ಕಾಗೆ ಶನಿಯ ವಾಹನ. ಅದು ತಲೆ ಮುಟ್ಟಿದರೆ ದೋಷ. ಆದಕಾರಣ ಮ್ಯಾಗ್‌ಪೈ ಕಾಗೆ ಹೌದೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು. ಯುರೋಪಿನ ಮ್ಯಾಗ್‌ಪೈ ನಿಸ್ಸಂದೇಹವಾಗಿ ಕಾಗೆಯ ಕುಲದ್ದು. ಅಲ್ಲಿಂದ ಹಡಗು ಹತ್ತಿ ಬಂದ ಬಿಳಿಯರು ಇಲ್ಲೊಂದು ಕಪ್ಪುಬಿಳಿ ಹಕ್ಕಿ ಕಂಡು, ಊರಿನ ನೆನಪಾಯಿತೋ ಹೊಸ ಹೆಸರು ಹುಡುಕಲು ಬೇಸರವಾಯಿತೋ, ಅದೇ ಹೆಸರಿಟ್ಟು ಕೈತೊಳೆದುಕೊಂಡರು. ವಿಜ್ಞಾನಿಗಳು ಜಿಮ್ನೊರೈನ ಟಿಬಿಸೆನ್ ಎನ್ನುವ ಈ ಹಕ್ಕಿ ನಿಜವಾಗಿ ಬುಚರ್‌ಬರ್ಡ್‌ಗಳ ದಾಯಾದಿ. ಕಾಗೆಗೂ ಇದಕ್ಕೂ ಸೂತಕ ಹಿಡಿಯುವಷ್ಟು ನಂಟೂ ಇಲ್ಲ. ಹೀಗಾಗಿ ಶನಿದೋಷ ತಗಲದು. ಟಿಟನಸ್ ಚುಚ್ಚುಮದ್ದು ಹಾಕಿಸಿಕೊಂಡರೆ ಸಾಕು.

ಅತ್ತೆಯವರು ಈ ನಿರ್ಣಯವನ್ನು ಒಪ್ಪಲಿಲ್ಲ. “ಕಪ್ಪಗಿದೆ, ಹಾರತ್ತೆ, ತಲೆಗೆ ಬಡಿಯತ್ತೆ. ಇನ್ನೇನಾಗಬೇಕಂತೆ ಕಾಗೆ ಅನ್ನಿಸ್ಕೊಳ್ಳೋಕೆ?” ಎಂದರು. ಅನುಮಾನ ಪ್ರಮಾಣದ ಮಟ್ಟಿಗೆ ಈ ವಾದ ಗಟ್ಟಿಯಾಗಿದೆ ಎಂದು ದಾಖಲಿಸದೆ ವಿಧಿಯಿಲ್ಲ. ದೀಪವನ್ನೂ ಹಚ್ಚಲಾಯಿತು.

ಕಾರಣವಿಚಾರ

ಹಕ್ಕಿ ಏಕೆ ಎರಗುತ್ತದೆ? ಇಲ್ಲಿ ಮೂರು ಮತಗಳಿವೆ. ತನ್ನ ಜಾಗಕ್ಕೆ ಕಾಲಿಟ್ಟವರನ್ನು ಓಡಿಸುತ್ತದೆ ಎನ್ನುವವರು ಕ್ಷೇತ್ರವಾದಿಗಳು. ಆ ಋತುವಿನಲ್ಲಿ ಗಂಡಿನ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಉಕ್ಕಿ ತಲೆ ತಿರುಗುತ್ತದೆ ಎನ್ನುವವರು ಮದವಾದಿಗಳು. ಗೂಡಿನಲ್ಲಿರುವ ಮರಿಗಳ ರಕ್ಷಣೆಗಾಗಿ ಎನ್ನುವವರು ಸಂತಾನವಾದಿಗಳು. ಬ್ರಿಸ್ಬೇನಿನ ಗ್ರಿಫಿತ್ ವಿಶ್ವವಿದ್ಯಾಲಯದ ಡ್ಯಾರಿಲ್ ಜೋನ್ಸ್ ಮತ್ತು ಜೊತೆಗಾರರು ಈ ಮೂರನ್ನೂ ಪರೀಕ್ಷೆಗೆ ಹಚ್ಚಿ 2010ರಲ್ಲಿ ‘ಎಮು’ ಎಂಬ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. (ಅದೇ ಹೆಸರಿನ ಹಕ್ಕಿಗಳ ಮೇಲೆ 1932ರಲ್ಲಿ ಈ ದೇಶದ ಸೈನಿಕರು ಮೆಷಿನ್‌ಗನ್ ಹಿಡಿದು ಹೋಗಿ, ಸೋತು ಹಿಂದಿರುಗಿದ್ದರು. ಪಕ್ಷಿಗಳ ವಿಷಯದಲ್ಲಿ ಈ ರಾಷ್ಟ್ರ ತೋರುವ ವಿನಯಕ್ಕೆ ಚಾರಿತ್ರಿಕ ಆಧಾರವಿದೆ.) ಗೆದ್ದವರು ಸಂತಾನವಾದಿಗಳು. ಮದವಾದ ಬಿದ್ದುಹೋಯಿತು. ಹಕ್ಕಿಗೆ ತಲೆ ಕೆಟ್ಟಿಲ್ಲ, ಅಪ್ಪನಾಗಿದೆ ಅಷ್ಟೆ.

ಎರಗುವುದು ಹೆಚ್ಚುಕಡಿಮೆ ಗಂಡು ಮಾತ್ರ. ಗಂಡುಗಳಲ್ಲೂ ಹತ್ತಕ್ಕೆ ಒಂದಕ್ಕಿಂತ ಕಡಿಮೆ. ಅದೂ ಮೊಟ್ಟೆಮರಿ ಗೂಡಿನಲ್ಲಿರುವ ಆರೇಳು ವಾರ, ಗೂಡಿನ ಸುತ್ತ ನೂರು ನೂರೈವತ್ತು ಮೀಟರಿನೊಳಗೆ. ಇಷ್ಟು ಓದಿದವನಿಗೆ ಧೈರ್ಯ ಬರಬೇಕು. ಬರುವುದಿಲ್ಲ, ಏಕೆಂದರೆ ಆ ಒಂದು ಹಕ್ಕಿ ಇರುವುದು ನಮ್ಮ ದಾರಿಯಲ್ಲೇ. ಇದರಲ್ಲಿ ಮತ್ತೊಂದು ಸೂಕ್ಷ್ಮವಿದೆ. ಎರಗುವ ಹಕ್ಕಿಗಳಿಗೆ ವಿಷಯತಜ್ಞತೆ ಉಂಟು. ಒಂದಕ್ಕೆ ಸೈಕಲ್ ಸವಾರನೇ ಆಗಬೇಕು, ಪಕ್ಕದಲ್ಲಿ ನಡೆದು ಹೋಗುವವನನ್ನು ತಿರುಗಿಯೂ ನೋಡದು. ಇನ್ನೊಂದು ಅಂಚೆಯವನನ್ನಷ್ಟೇ ಅಟ್ಟುತ್ತದೆ. ಜೊತೆಗೆ ಅವು ಮನುಷ್ಯರ ಮುಖವನ್ನು ಗುರುತಿಟ್ಟುಕೊಳ್ಳುತ್ತವೆ. ಹೋದ ವರ್ಷ ಕೈ ಬೀಸಿ ಬೈದವನಿಗೆ ಈ ವರ್ಷವೂ ಲೆಕ್ಕ ತೀರಿಸುತ್ತವೆ.

ಪಂಚತಂತ್ರದ ಟಿಟ್ಟಿಭ ತನ್ನ ಮೊಟ್ಟೆಗಾಗಿ ಸಮುದ್ರದ ಮೇಲೆಯೇ ಜಗಳಕ್ಕೆ ನಿಂತದ್ದು ನಮ್ಮವರಿಗೆಲ್ಲ ಗೊತ್ತು. ಅದರ ಆಸ್ಟ್ರೇಲಿಯದ ಬಂಧುವೂ ಇಲ್ಲಿ ಆಟದ ಮೈದಾನಗಳಲ್ಲಿ ನೆಲದ ಮೇಲೆ ಮೊಟ್ಟೆಯಿಟ್ಟು, ರೆಕ್ಕೆಯ ಮುಳ್ಳು ತೋರಿಸುತ್ತಾ ಜನರ ಮೇಲೆ ನುಗ್ಗುತ್ತದೆ. ಸಮುದ್ರರಾಜನನ್ನೇ ಮಣಿಸಿದ ವಂಶದ ಮುಂದೆ ಹೆಲ್ಮೆಟ್ ಹಾಕಿದ ಸಾಫ್ಟ್‌ವೇರ್ ಇಂಜಿನಿಯರ್ ಯಾವ ಲೆಕ್ಕ?

ಪ್ರತ್ಯಕ್ಷ ಪ್ರಮಾಣ

ಎರಗುವ ಕ್ರಮ ಹೀಗಿದೆ. ಮೊದಲು ಏನೂ ಇಲ್ಲ. ಎದುರಿನ ಕಂಬದ ಮೇಲಿದ್ದ ಹಕ್ಕಿ ಅಲ್ಲಿಲ್ಲ ಎನ್ನುವುದೊಂದೇ ಸೂಚನೆ. ಆಮೇಲೆ ಟಾರು ರಸ್ತೆಯ ಮೇಲೆ ಸವಾರನ ನೆರಳಿನ ಹಿಂದಿನಿಂದ ಇನ್ನೊಂದು ನೆರಳು ಜಾರಿ ಬಂದು ಸೇರುತ್ತದೆ. ಕಿವಿಯ ಪಕ್ಕ ಗಾಳಿ ಸೀಳಿದ ಸದ್ದು, ಕೊಕ್ಕು ಕಟ್ಟೆಂದು ಕಚ್ಚಿದ ಸದ್ದು, ಹೆಲ್ಮೆಟ್ಟಿನ ಮೇಲೆ ‘ಟಕ್’. ತಿರುಗಿ ನೋಡಿದರೆ ಅದು ಬೇಲಿಯ ಮೇಲೆ ಕೂತು ಗರಿ ಸರಿಮಾಡಿಕೊಳ್ಳುತ್ತಿರುತ್ತದೆ: ಬಿಳಿ ಕತ್ತು, ತುದಿಯಲ್ಲಷ್ಟೇ ಕಪ್ಪಾದ ನೀಲಿಬಿಳಿ ಕೊಕ್ಕು, ಕೆಂಪುಕಂದು ಕಣ್ಣು. ತಿರುಗಿ ನೋಡಿದವನ ಸೈಕಲ್ ಈ ವೇಳೆಗೆ ಚರಂಡಿಯ ಕಡೆ ಹೊರಟಿರುತ್ತದೆ.

ಆಯುಧಕಾಂಡ

ಶಿರೋರಕ್ಷಣೆಗೆ ಇಲ್ಲಿಯ ಜನಪದರು ಬಳಸುವ ಆಯುಧಗಳಲ್ಲಿ ಅಗ್ರಗಣ್ಯವಾದದ್ದು ಕೇಬಲ್ ಟೈ. ವೈರು ಕಟ್ಟುವ ಈ ಪ್ಲಾಸ್ಟಿಕ್ ಪಟ್ಟಿಗಳನ್ನು ಹೆಲ್ಮೆಟ್ಟಿನ ತೂತುಗಳಲ್ಲಿ ಬಿಗಿದು, ಬಾಲ ಕತ್ತರಿಸದೆ ಮೇಲಕ್ಕೆ ಚಾಚಿಸಿ ಬಿಡುವುದು ಕ್ರಮ. ಸವಾರ ಹಲಸಿನ ಹಣ್ಣು ಹೊತ್ತು ಸಂತೆಗೆ ಹೊರಟಂತೆ ಕಾಣುತ್ತಾನೆ. ಬ್ಯಾಂಕಿನ ಮ್ಯಾನೇಜರರು, ವಕೀಲರು, ಹೃದಯತಜ್ಞರು ಕೂಡ ಸೆಪ್ಟೆಂಬರಿನಲ್ಲಿ ಈ ವೇಷದಲ್ಲಿ ಕೆಲಸಕ್ಕೆ ಹೋಗುತ್ತಾರೆ, ಯಾರೂ ನಗುವುದಿಲ್ಲ. ಎರಡನೆಯದು ಹುಸಿಗಣ್ಣು. ಹೆಲ್ಮೆಟ್ಟಿನ ಹಿಂಬದಿಗೆ ಎರಡು ದೊಡ್ಡ ಕಣ್ಣು ಬರೆಯುವುದು, ಅಥವಾ ತಂಪು ಕನ್ನಡಕವನ್ನು ಹಿಂದುಮುಂದಾಗಿ ಕಟ್ಟುವುದು. ಮಕ್ಕಳಾದರೆ ಐಸ್‌ಕ್ರೀಮ್ ಡಬ್ಬಿಗೆ ಕಣ್ಣು ಬರೆದು ಬೋರಲಾಗಿ ತಲೆಗೆ ಹಾಕಿಕೊಳ್ಳುತ್ತಾರೆ. ಈ ತಂತ್ರಕ್ಕೆ ಭಾರತೀಯ ಪರಂಪರೆಯೂ ಇದೆ: ಸುಂದರಬನದಲ್ಲಿ ಜೇನು ಕೀಳಲು ಹೋಗುವವರಿಗೆ 1980ರ ದಶಕದಲ್ಲಿ, ಹಿಂದಿನಿಂದ ಎರಗುವ ಹುಲಿಯನ್ನು ಗೊಂದಲಕ್ಕೆ ಬೀಳಿಸಲು, ತಲೆಯ ಹಿಂಬದಿಗೆ ಮನುಷ್ಯಮುಖದ ಮುಖವಾಡ ಕಟ್ಟಿಕೊಳ್ಳಲು ಕೊಡಲಾಗಿತ್ತು. ಕೆಲಕಾಲ ಹುಲಿ ಮೋಸ ಹೋಯಿತು. ಮ್ಯಾಗ್‌ಪೈ ಹುಲಿಯಷ್ಟು ಮುಗ್ಧವಲ್ಲ.

ಇದನ್ನು ಸರ್ಕಾರಿ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಒ ಕಡೆಯವರೇ ಪ್ರಯೋಗ ಮಾಡಿ ನೋಡಿದ್ದಾರೆ. ಎರಗುವ ಹಕ್ಕಿಯೊಂದರ ಗೂಡಿನ ಬಳಿ ಒಬ್ಬ ಸವಾರ ಒಂದೊಂದು ಸಲ ಒಂದೊಂದು ವೇಷದಲ್ಲಿ ಹಾದುಹೋದ. ಬರೀ ಹೆಲ್ಮೆಟ್, ಕಣ್ಣು ಬರೆದ ಹೆಲ್ಮೆಟ್, ಕೇಬಲ್ ಟೈ ನೆಟ್ಟ ಹೆಲ್ಮೆಟ್, ಯಾವುದಕ್ಕೂ ಹಕ್ಕಿ ಬಗ್ಗಲಿಲ್ಲ. ಕೊನೆಗೆ ಹೆಲ್ಮೆಟ್ಟೇ ಇಲ್ಲದೆ ಹೋದಾಗ ಸುಮ್ಮನೆ ಬಿಟ್ಟಿತು.

ಇಲ್ಲಿಯೇ ಧರ್ಮಸಂಕಟ. ವಿಕ್ಟೋರಿಯಾ ರಾಜ್ಯ 1990ರಲ್ಲಿ, ಜಗತ್ತಿನಲ್ಲೇ ಮೊದಲಿಗೆ, ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ ನಾಡು. ಬರಿದಲೆಯವನನ್ನು ಹಕ್ಕಿ ಬಿಡುತ್ತದೆ, ಪೊಲೀಸರು ಬಿಡುವುದಿಲ್ಲ. ಹೆಲ್ಮೆಟ್ ಹಾಕಿದವನನ್ನು ಪೊಲೀಸರು ಬಿಡುತ್ತಾರೆ, ಹಕ್ಕಿ ಬಿಡುವುದಿಲ್ಲ. ಎರಡು ವಿಧಿಗಳು ಎದುರಾದಾಗ ಪ್ರಬಲವಾದದ್ದೇ ನಿಲ್ಲಬೇಕೆಂಬ ಮೀಮಾಂಸಾ ನ್ಯಾಯದಂತೆ ಇಲ್ಲಿ ಶಾಸನಕ್ಕೇ ಗೆಲುವು. ದಂಡದ ಚೀಟಿ ಅಂಚೆಯಲ್ಲಿ ಬರುತ್ತದೆ, ಹಕ್ಕಿ ಚೀಟಿ ಕಳಿಸುವುದಿಲ್ಲ. ಮೇಲಾಗಿ ಒಂದು ಹಕ್ಕಿಯ ಸಾಕ್ಷ್ಯ ನಂಬಿ ತಲೆ ಒಡ್ಡುವುದು ನ್ಯಾಯಶಾಸ್ತ್ರಕ್ಕೂ ಒಪ್ಪದ ಮಾತು.

ಹಕ್ಕಿಯನ್ನೇ ಅಧ್ಯಯನ ಮಾಡೋಣ ಎಂದವರ ಕಥೆಯನ್ನೂ ಕೇಳಬೇಕು. ಕ್ವೀನ್ಸ್‌ಲ್ಯಾಂಡಿನ ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾಲಯದವರು ಐದು ಮ್ಯಾಗ್‌ಪೈಗಳ ಬೆನ್ನಿಗೆ ಹೊಸ ಮಾದರಿಯ ಜಿಪಿಎಸ್ ಯಂತ್ರ ಕಟ್ಟಿದರು. ಕೊನೆಯ ಯಂತ್ರ ಕಟ್ಟಿ ಹತ್ತು ನಿಮಿಷವೂ ಆಗಿರಲಿಲ್ಲ, ಯಂತ್ರವಿಲ್ಲದ ಹಿರಿಯ ಹೆಣ್ಣೊಂದು ಬಂದು ಕಿರಿಯದರ ಪಟ್ಟಿ ಬಿಚ್ಚತೊಡಗಿತು. ಮೂರನೆಯ ದಿನಕ್ಕೆ ಗುಂಪಿನ ಯಜಮಾನ ಗಂಡಿನ ಯಂತ್ರವೂ ಕಳಚಿಬಿದ್ದಿತ್ತು. ಹಕ್ಕಿಗಳ ಓಡಾಟದ ಬಗ್ಗೆ ಬರೆಯಬೇಕಾದವರು 2022ರಲ್ಲಿ ಅವುಗಳ ಪರೋಪಕಾರದ ಬಗ್ಗೆ ಪ್ರಬಂಧ ಬರೆದರು. ಅನುದಾನ ಪಡೆದ ವಿದ್ವಾಂಸರೆಲ್ಲ ಕಲಿಯಬೇಕಾದ ಜಾಣತನ ಇದು.

ಮಾರ್ಗವರ್ಣನೆ

ಇಷ್ಟೆಲ್ಲ ಆದ ಮೇಲೂ ಮನೆಯಲ್ಲಿ ಕೂರದೆ ಏಕೆ ಹೋಗಬೇಕು ಎಂದು ಪೂರ್ವಪಕ್ಷಿ ಕೇಳುತ್ತಾನೆ. ಅವನನ್ನು ಲಿಲಿಡೇಲಿಗೆ ಕರೆದೊಯ್ಯಬೇಕು. ಮೆಲ್ಬರ್ನಿನ ಲೋಕಲ್ ರೈಲು ಕೊನೆಯಾಗುವ ಈ ಊರಿನಿಂದ ವಾರ್‌ಬರ್ಟನ್‌ವರೆಗೆ ಸುಮಾರು 40 ಕಿಲೋಮೀಟರ್ ದಾರಿಯಿದೆ. 1901ರಲ್ಲಿ ಹಾಕಿದ ರೈಲು ಮಾರ್ಗ ಇದು. 1965ರಲ್ಲಿ ಮುಚ್ಚಿತು, ಹಳಿ ಕಿತ್ತರು, ಜಲ್ಲಿಮಣ್ಣಿನ ಹಾದಿ ಉಳಿಯಿತು. ಉಗಿಬಂಡಿಗೆ ಕಡಿದಾದ ಏರು ಹತ್ತಲಾಗುತ್ತಿರಲಿಲ್ಲ; ಆ ಅಶಕ್ತಿಯ ಫಲವನ್ನು ಇಂದು ನಡುವಯಸ್ಸಿನ ಮೊಣಕಾಲುಗಳು ಉಣ್ಣುತ್ತಿವೆ. ಮೌಂಟ್ ಎವೆಲಿನ್‌ವರೆಗೆ ಮಾತ್ರ ಒಂದಿಷ್ಟು ಏದುಸಿರು.

ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆ ಬೇಕೆನ್ನುತ್ತದೆ ಲಕ್ಷಣಗ್ರಂಥ. ಈ ಹಾದಿ ಬಹುಪಾಲನ್ನು ತಾನಾಗಿ ಒದಗಿಸುತ್ತದೆ. ಋತುವರ್ಣನೆಗೆ ವಾಟಲ್ ಮರಗಳಿವೆ. ನಮ್ಮ ಮಲೆನಾಡಿಗೆ ಅರಣ್ಯ ಇಲಾಖೆ ತಂದು ನೆಟ್ಟು ಬೈಸಿಕೊಂಡ ಅಕೇಶಿಯಾದ ಒಡಹುಟ್ಟುಗಳೇ ಇವು. ತವರಿನಲ್ಲಿ ನೋಡಿದರೆ ಕೊಂಬೆ ಕಾಣದಷ್ಟು ಹಳದಿ ಹೂ ಹೊತ್ತು ಚೆಲುವಾಗಿ ನಿಂತಿರುತ್ತವೆ, ಬೈಯಲು ಮನಸ್ಸಾಗದು. ಉದ್ಯಾನವರ್ಣನೆಗೆ ವಾಂಡಿನ್‌ನ ಸ್ಟ್ರಾಬೆರಿ ತೋಟಗಳು. ಮಧುಪಾನಕ್ಕೆ ಯಾರಾ ಕಣಿವೆಯ ದ್ರಾಕ್ಷಿ ತೋಟಗಳು. ನಗರವರ್ಣನೆಗೆ ಯಾರಾ ಜಂಕ್ಷನ್, ಅಲ್ಲಿ ಹಳೆಯ ಸ್ಟೇಷನ್ ಕಟ್ಟಡದಲ್ಲಿ ಒಂದು ಮ್ಯೂಸಿಯಂ. ಮುಂದೆ ಯಾರಾ ನದಿ, ಅದರಾಚೆ ಡೋನಾ ಬುವಾಂಗ್ ಬೆಟ್ಟ. ಅಲ್ಲಿಯ ನೀಲಗಿರಿ ಜಾತಿಯ ಮರಗಳು ಹೂಬಿಡುವ ಮರಗಳಲ್ಲೇ ಜಗತ್ತಿಗೆ ಅತಿ ಎತ್ತರದವು. ಕೋಲಾರದ ನೀಲಗಿರಿ ತೋಪು ನೋಡಿ ಈ ಜಾತಿಯನ್ನು ಅಳೆದವರು ಇಲ್ಲಿ ಕತ್ತೆತ್ತಿ ಕ್ಷಮೆ ಕೇಳಬಹುದು. ಕುಮಾರೋದಯ ಗೂಡಿನಲ್ಲಿ ಆಗಿದೆ, ಯುದ್ಧ ತಲೆಯ ಮೇಲೆ ನಡೆಯುತ್ತದೆ. ನಾಯಕಾಭ್ಯುದಯ ಒಂದು ಮಾತ್ರ ಸಿಗುವುದಿಲ್ಲ.

ಗಾನವೂ ಇದೆ. ಬೆಳಗಿನ ಚಳಿಯಲ್ಲಿ ಈ ಶತ್ರುವೇ ಗಂಟಲು ಉಬ್ಬಿಸಿ, ಎರಡು ಕೊಳಲು ಒಟ್ಟಿಗೆ ಊದುವವರ ದನಿಯಲ್ಲಿ ಹಾಡುತ್ತದೆ, ಜೊತೆಯವು ದನಿಗೂಡಿಸುತ್ತವೆ. ಕೇಳಿದ್ದನ್ನು ಅನುಕರಿಸುವುದರಲ್ಲೂ ನಿಪುಣ. 2020ರ ಜನವರಿಯ ಕಾಡ್ಗಿಚ್ಚಿನ ದಿನಗಳಲ್ಲಿ ನ್ಯೂಕಾಸಲ್ ಊರಿನ ಒಂದು ಮ್ಯಾಗ್‌ಪೈ ಬೇಲಿಯ ಮೇಲೆ ಕೂತು ತುರ್ತುವಾಹನಗಳ ಸೈರನ್ನನ್ನು ತಪ್ಪಿಲ್ಲದೆ ಕೂಗುತ್ತಿತ್ತು. ಇಂಥ ಹಕ್ಕಿಯನ್ನು ದ್ವೇಷಿಸುವುದು ಸುಲಭವಲ್ಲ. 2017ರಲ್ಲಿ ದೇಶದ ಜನ ತಮ್ಮ ಮೆಚ್ಚಿನ ಹಕ್ಕಿಗೆ ಮತ ಹಾಕಿದಾಗ ಗೆದ್ದದ್ದು ಇದೇ. ಮತ ಹಾಕಿದವರಲ್ಲಿ ಕುಕ್ಕಿಸಿಕೊಂಡವರೂ ಇದ್ದೇ ಇರುತ್ತಾರೆ.

ಸಿದ್ಧಾಂತ

ಅಣಕವನ್ನು ಒಂದು ಗಳಿಗೆ ಪಕ್ಕಕ್ಕಿಡಬೇಕು. 2019ರ ಸೆಪ್ಟೆಂಬರಿನಲ್ಲಿ ವುಲಾಂಗಾಂಗ್ ಬಳಿ 76 ವರ್ಷದ ಹಿರಿಯರೊಬ್ಬರು ಎರಗಿದ ಹಕ್ಕಿಯಿಂದ ತಪ್ಪಿಸಿಕೊಳ್ಳಲು ಸೈಕಲನ್ನು ದಾರಿಯಿಂದಾಚೆ ತಿರುಗಿಸಿ, ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡರು. ಕೊಕ್ಕು ಚರ್ಮ ಹರಿಯುತ್ತದೆ, ಅಪರೂಪಕ್ಕೆ ಕಣ್ಣಿಗೂ ಕುತ್ತು ತರುತ್ತದೆ. ಹೆಚ್ಚಿನ ಅಪಾಯ ಇರುವುದು ಹೆದರಿ ಹ್ಯಾಂಡಲ್ ತಿರುಗಿಸುವುದರಲ್ಲಿ.

ಹಕ್ಕಿಯನ್ನು ಕೊಲ್ಲುವಂತಿಲ್ಲ, ಕಾನೂನಿನ ರಕ್ಷಣೆಯಿದೆ. ತೀರಾ ಉಗ್ರವಾದ ಗಂಡನ್ನು ಅನುಮತಿ ಪಡೆದವರು ಹಿಡಿದು ದೂರ ಬಿಟ್ಟು ಬರುವುದುಂಟು. ಆಗ ತೆರವಾದ ಜಾಗಕ್ಕೆ ಬೇರೊಂದು ಗಂಡು ಬಂದು ಸೇರಿ, ತನ್ನದಲ್ಲದ ಮರಿಗಳಿಗೂ ಹುಳು ತಂದುಕೊಟ್ಟು ಸಾಕುವುದನ್ನು ಜೋನ್ಸ್ ಅವರ ತಂಡ ಕಂಡಿದೆ. ಮಲತಂದೆಯ ಪಾತ್ರವನ್ನು ನಮ್ಮ ಸಿನಿಮಾದವರು ಇಷ್ಟು ಒಳ್ಳೆಯದಾಗಿ ಬರೆದದ್ದು ಕಡಿಮೆ.

ಆದ್ದರಿಂದ ಸಿದ್ಧಾಂತ ಒಂದೇ: ಗೂಡಿನ ಮರ ಗೊತ್ತಿದ್ದರೆ ಬೇರೆ ದಾರಿ ಹಿಡಿಯುವುದು. ಬೇರೆ ದಾರಿ ಇಲ್ಲದಿದ್ದರೆ ಇಳಿದು, ಹೆಲ್ಮೆಟ್ ತೆಗೆಯದೆ, ಹಕ್ಕಿಯ ಕಡೆ ಮುಖವಿಟ್ಟು, ಆ ನೂರು ಮೀಟರ್ ಸೈಕಲ್ ತಳ್ಳಿಕೊಂಡು ನಡೆಯುವುದು. ಕೈ ಬೀಸುವುದು, ಕಲ್ಲೆಸೆಯುವುದು, ಮಾತೃಭಾಷೆಯಲ್ಲಿ ಬೈಯುವುದು ನಿಷಿದ್ಧ. ಮುಖ ನೆನಪಿರುತ್ತದೆ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿ ಇಳಿದು ನಡೆದವನ ಕಿವಿ ಉಳಿಯುತ್ತದೆ, ಕನ್ನಡಕ ಹಾಕಿದವನ ಕಣ್ಣು ಉಳಿಯುತ್ತದೆ, ಹೆಲ್ಮೆಟ್ ತೆಗೆಯದವನ ದುಡ್ಡು ಉಳಿಯುತ್ತದೆ. ಈಗಾಗಲೇ ಕೇಬಲ್ ಟೈ ಕೊಂಡವರು ಅವನ್ನು ಟೀವಿಯ ಹಿಂದಿನ ವೈರು ಕಟ್ಟಲು ಬಳಸಬಹುದು. ಈ ರಗಳೆಯೇ ಬೇಡ ಎನ್ನುವವರು ನವೆಂಬರ್ ಕಳೆದ ಮೇಲೆ ವಾರ್‌ಬರ್ಟನ್ ಹಾದಿಗೆ ಬನ್ನಿ, ಆಗ ಯಾವ ಹಕ್ಕಿಯೂ ನಿಮ್ಮ ತಂಟೆಗೆ ಬರುವುದಿಲ್ಲ. ಆ ಹೊತ್ತಿಗೆ ಬಿಸಿಲು ಏರಿ, ಟೈಗರ್ ಸ್ನೇಕ್ ಎಂಬ ಘೋರ ವಿಷದ ಹಾವು ಮೈ ಕಾಯಿಸಿಕೊಳ್ಳಲು ಇಂಥ ಹಾದಿಗಳಿಗೆ ಬಂದು ಮಲಗುವುದುಂಟು. ಅದರ ವಿಚಾರ ಎರಡನೆಯ ಸಂಪುಟದಲ್ಲಿ.