ಮೂರನೇ ಪಂಕ್ತಿಯವನ ಮನವಿ

ಏಳು ಸೀಟಿನ ಗಾಡಿಯ ಧಣಿಗಳಾದ ಧಾರವಾಡದ ಸಮಸ್ತ ಸಾಹೇಬರ ಸನ್ನಿಧಿಗೆ,

ಹಿಂದಿನ ಸೀಟಿನ ಕಾಯಂ ನಿವಾಸಿಯ ಶಿರಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಅಂತ ಬರೆದದ್ದು ಬರೀ ರೂಢಿಗೆ. ಮೊಣಕಾಲು ಸದ್ಯಕ್ಕೆ ಆ ಸೇವೆಗೆ ಒಪ್ಪುತ್ತಿಲ್ಲ. ಮೊನ್ನೆ ತಾವು ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದಿರಿ. ಪುಣ್ಯ ತಮಗೆ ಹತ್ತಿತು, ಸೊಂಟನೋವು ನನಗೆ ಹತ್ತಿತು.

ನಾನು ಯಾರೆಂದು ಕೇಳಬೇಡಿ. ಪ್ರತಿ ಮನೆಯಲ್ಲೂ ನನ್ನಂಥವನೊಬ್ಬ ಇರುತ್ತಾನೆ. ತಮ್ಮ ಮಕ್ಕಳ ಸೋದರಮಾವ, ಲಗ್ನವಾಗದೆ ಉಳಿದ ಕಾಕಾ, ರಜೆಗೆ ಬಂದ ಅತ್ಯಾ, ಯಾರೂ ಆಗಬಹುದು. ಗಾಡಿಯ ಬಾಗಿಲು ತೆರೆದ ಕೂಡಲೇ, "ಮಾಮಾ, ನೀವು ತೆಳ್ಳಗ ಅದೀರಿ, ಹಿಂದ ಆರಾಮ ಆಗ್ತದ" ಎಂದು ಯಾರಿಗೆ ಹೇಳುತ್ತೀರೋ, ಅವನೇ ನಾನು. ನಾನು ತೆಳ್ಳಗಿಲ್ಲ. ಮೂವತ್ತು ವರ್ಷದ ಹಿಂದೆ ಇದ್ದೆ.

ಊಟದ ಪಂಕ್ತಿಭೇದ ತಪ್ಪೆಂದು ಒಂಬೈನೂರು ವರ್ಷದ ಹಿಂದೆಯೇ ಶರಣರು ಹೇಳಿ ಹೋದ ನಾಡು ಇದು. ಆದರೆ ಗಾಡಿಯೊಳಗಿನ ಪಂಕ್ತಿಭೇದದ ಬಗ್ಗೆ ಅವರು ಏನೂ ಹೇಳಿಲ್ಲವೆಂಬ ಧೈರ್ಯ ತಮಗಿದೆ. ಮೊದಲ ಪಂಕ್ತಿಯಲ್ಲಿ ತಾವು, ಪಕ್ಕದಲ್ಲಿ ಅಳಿಯಂದಿರು. ಎರಡನೆಯದರಲ್ಲಿ ಬೀಗರು, ಎರಡೂ ಕಡೆ ಕೈಯಾನಿಸಿಕೊಂಡು, ಕ್ಯಾಪ್ಟನ್ ಸೀಟಿನಲ್ಲಿ. ಮೂರನೆಯದರಲ್ಲಿ ನಾನು, ತಮ್ಮ ಮೊಮ್ಮಗ, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಬೀಗರ ಊರುಗೋಲು. ಲಗ್ನದ ಮನೆಯಲ್ಲಿ ಮೂರನೇ ಪಂಕ್ತಿಗೆ ಕೂತವನಿಗೆ ಹೋಳಿಗೆ ತಪ್ಪಿದರೂ ಸಾರು ತಪ್ಪುವುದಿಲ್ಲ. ಇಲ್ಲಿ ಎ.ಸಿ. ಗಾಳಿ ಕೂಡ ಬೀಗರ ಹೆಗಲು ದಾಟಿ ಉಳಿದಿದ್ದರೆ ಮಾತ್ರ ಬಡಿಸುತ್ತಾರೆ.

ತಪ್ಪು ತಮ್ಮದೊಂದೇ ಅಲ್ಲ. ಈ ಗಾಡಿಗಳ ಉದ್ದ ಹೆಚ್ಚುಕಡಿಮೆ 4.7 ಮೀಟರು, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಸುಮಾರು ಎರಡು ಮುಕ್ಕಾಲು ಮೀಟರು. ಅಷ್ಟರಲ್ಲೇ ಮೂರು ಸಾಲು ಕೂರಿಸಬೇಕೆಂದರೆ ಕಡೆಯ ಸಾಲು ಹಿಂದಿನ ಗಾಲಿಯ ಮೇಲೆಯೇ ಬಂದು ಕೂರುತ್ತದೆ. ಕೆಳಗೆ ಗಾಲಿ, ಸಸ್ಪೆನ್ಷನ್ ಇರುವುದರಿಂದ ನೆಲ ಮೇಲೇರಿದೆ. ತಲೆ ಬಡಿಯಬಾರದೆಂದು ಸೀಟು ಕೆಳಗಿಳಿದಿದೆ. ನಡುವೆ ಸಿಕ್ಕ ಮನುಷ್ಯನ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಆ ಸಾಲು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಸಾಮಾನಿಗೆ ಜಾಗವಿಲ್ಲ, ಮಡಚಿದರೆ ಮಂದಿಗೆ ಜಾಗವಿಲ್ಲ. ಏಳು ಜನ ಲಗ್ನಕ್ಕೆ ಹೋಗಬಹುದು, ಉಡುಗೊರೆ ಮಾತ್ರ ಕೊರಿಯರಿನಲ್ಲಿ ಕಳಿಸಬೇಕು.

ಒಳಗೆ ಹೋಗುವುದು ಹೇಗೋ ಆಗುತ್ತದೆ. ಹೊರಬರುವುದು ಇನ್ನೊಬ್ಬರ ಕೃಪೆ. ನಡುವಿನ ಸೀಟು ಮಡಚುವವರು ಬೀಗರು, ಬೀಗರು ಇಳಿದರೆಂದರೆ ನೇರ ದೇವರ ಕಡೆಗೆ. ನುಗ್ಗೀಕೇರಿಯಲ್ಲಿ ಎಲ್ಲರೂ ಹನುಮಪ್ಪನ ದರ್ಶನ ಮಾಡಿ, ಕಾಯಿ ಒಡೆಸಿ, ಪ್ರಸಾದ ತಿಂದ ಮೇಲೆಯೇ "ಮಾಮಾ ಎಲ್ಲಿ?" ಎಂಬ ಪ್ರಶ್ನೆ ಹುಟ್ಟಿತು. ಮಾಮಾ ಗಾಜಿನೊಳಗಿಂದಲೇ ಕೈ ಮುಗಿಯುತ್ತಿದ್ದ.

ಇನ್ನು ತಮ್ಮ ತ್ಯಾಗದ ವಿಷಯ. ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ನೆಲದಿಂದ 170 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರ, ಈ ಮೂರೂ ಕೂಡಿದ ಗಾಡಿಗೆ ಮೊದಲು ಶೇ 28 ಜಿಎಸ್‌ಟಿ, ಮೇಲೆ ಶೇ 22 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40 ಆಯಿತು. ಅಂದು ತಾವು ಪೇಢಾ ಹಂಚಿದಿರಿ. ನೂರಕ್ಕೆ ನಲವತ್ತು ಕೊಡುವುದಕ್ಕೆ ಪೇಢಾ ಹಂಚುವ ಊರು ಇನ್ನೊಂದಿರಲಾರದು. ಅದು ಮುಗಿದ ಮೇಲೆ ರಾಜ್ಯದವರ ಪಾಲು: 20 ಲಕ್ಷ ದಾಟಿದ ಗಾಡಿಗೆ ಶೇ 18 ಆಜೀವ ತೆರಿಗೆ. 25 ಲಕ್ಷದ ಗಾಡಿಗೆ ನಾಲ್ಕೂವರೆ ಲಕ್ಷ, ಆ ತೆರಿಗೆಯ ಮೇಲಿನ ಸೆಸ್ ಬೇರೆ. ನಮ್ಮೂರ ರಸ್ತೆಯ ತಗ್ಗು ದಾಟಲಿಕ್ಕೆ ಆ ಎತ್ತರ ಬೇಕೇಬೇಕು. ಎತ್ತರಕ್ಕೆ ಸರಕಾರ ತೆರಿಗೆ ಹಾಕುತ್ತದೆ, ತಗ್ಗು ಮಾತ್ರ ಪುಕ್ಕಟೆ ಕೊಡುತ್ತದೆ.

ಇಷ್ಟು ಖರ್ಚು ಯಾತಕ್ಕೆಂದು ಕೇಳಿದರೆ, "ಮನಿ ಮಂದಿ ಎಲ್ಲಾ ಕೂಡಿ ಹೋಗಾಕ" ಅನ್ನುತ್ತೀರಿ. ಮನೆ ಮಂದಿ ಎಲ್ಲಿದ್ದಾರೆ? ದೊಡ್ಡವನು ಬೆಂಗಳೂರು, ನಡುವಿನವನು ಪುಣೆ, ಮಗಳು ಗಂಡನ ಮನೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಶುರುವಾದ ಮೇಲೆ ದೊಡ್ಡವನು ಅದರಲ್ಲೇ ಬರುತ್ತಾನೆ. ಬೆನ್ನಿಗೊಂದು ಚೀಲ ಹಾಕಿದ ಅವನೊಬ್ಬನನ್ನು ಕರೆತರಲು ಏಳು ಸೀಟು ಸ್ಟೇಷನ್ನಿಗೆ ಹೋಗುತ್ತವೆ. ಉಳಿದ ದಿನ ಅದೇ ಗಾಡಿ ಸೂಪರ್ ಮಾರ್ಕೆಟ್ಟಿಗೆ ಹೋಗಿ ಒಂದು ಸಿವುಡು ಕೊತ್ತಂಬರಿ ತರುತ್ತದೆ. ಸುಭಾಸ ರಸ್ತೆಯಲ್ಲಿ ತಾವು ಅದನ್ನು ಹಿಂದಕ್ಕೆ ತೆಗೆಯುವ ಉತ್ಸವವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಡಿಗೆ ಕ್ಯಾಮೆರಾ ಇದೆ, ಸುತ್ತಲೂ ಕಾಣುವ ಪರದೆಯಿದೆ, ಕುಂಯ್ ಕುಂಯ್ ಎನ್ನುವ ಸೆನ್ಸರಿದೆ. ಆದರೂ ಬಳೆ ಅಂಗಡಿಯವರು, ಹೂವಿನವರು, ದಾರಿಹೋಕರು ಸೇರಿ "ಬರ್‍ರಿ, ಬರ್‍ರಿ, ಬರ್‍ರಿ, ಹಾಂ, ನಿಂದರ್‍ರಿ!" ಅಂದ ಮೇಲೆಯೇ ತಮಗೆ ಸಮಾಧಾನ.

ಹುಬ್ಬಳ್ಳಿಗೆ ಹೊರಟರೆ ತಮ್ಮ ದುಃಖ ಬೇರೆ. ಪಕ್ಕದ ಮೀಸಲು ಪಥದಲ್ಲಿ ಚಿಗರಿ ಬಸ್ಸು ಸುಂಯ್ ಎಂದು ಹೋಗುತ್ತದೆ. 2018ರಿಂದಲೂ ಹೋಗುತ್ತಿದೆ, 2018ರಿಂದಲೂ ತಾವು ಬೈಯುತ್ತಿದ್ದೀರಿ: "ಬಸ್ಸಿಗೆ ಇಷ್ಟು ರಸ್ತೆ ಯಾಕ ಬೇಕ್ರಿ?" ತಮ್ಮ ಗಾಡಿಯಲ್ಲಿ ಆಗ ತಾವೊಬ್ಬರೇ ಇರುತ್ತೀರಿ. ಊರ ಮಗ್ಗುಲಲ್ಲೇ ಟಾಟಾ ಕಾರ್ಖಾನೆ ಕಟ್ಟಿಕೊಂಡು, ಮಂದಿ ತುಂಬಿಕೊಂಡು ಹೋಗುವ ಬಸ್ಸು ತಯಾರಿಸುವುದು ಧಾರವಾಡ. ಖಾಲಿ ಸೀಟು ತುಂಬಿಕೊಂಡು ಓಡಾಡುವುದೂ ಧಾರವಾಡವೇ.

ಹಾಗಾದರೆ ಮೂರು ಸಾಲಿನ ಗಾಡಿಯೇ ಬೇಡವೇ ಎಂದರೆ, ಹಾಗಲ್ಲ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಿಡದಿಯಿಂದ ಬಂದಾಗ ಅಂಬಾಸಿಡರಿನಲ್ಲಿ ಒಬ್ಬರ ಮೇಲೊಬ್ಬರು ಕೂರುತ್ತಿದ್ದ ಮಂದಿಗೆ ಹಾಯೆನಿಸಿದ್ದು ನಿಜ. ಆದರೆ ನಮ್ಮ ಭಾಗದ ಅಸಲಿ ಕುಟುಂಬದ ಗಾಡಿ ಕ್ರೂಸರ್, ಸ್ವಾಮಿ. ಹಿಂದೆ ಎದುರುಬದುರು ಬೆಂಚು, ಎಲ್ಲರ ಮೊಣಕಾಲಿಗೂ ಎಲ್ಲರ ಮೊಣಕಾಲು. ಅಲ್ಲಿ ಬೀಗರಿಗೂ ಅದೇ ಹಲಗೆ, ನನಗೂ ಅದೇ ಹಲಗೆ. ಅದಕ್ಕೂ ಹಿಂದಕ್ಕೆ ಹೋದರೆ ಚಕ್ಕಡಿ. ಉಳವಿ ಜಾತ್ರೆಗೆ ಇಂದಿಗೂ ಸುತ್ತಲಿನ ರೈತರು ಎತ್ತು ಸಿಂಗರಿಸಿ, ಕೊಲ್ಲಾರಿ ಕಟ್ಟಿ, ಹಾದಿಯಲ್ಲಿ ವಸತಿ ಮಾಡುತ್ತ ಹೋಗುತ್ತಾರೆ. ಹುಲ್ಲಿನ ಮೇಲೆ ಹಾಸಿದ ಜಮಖಾನೆಯಲ್ಲಿ ಮೂರನೇ ಸಾಲೇ ಇಲ್ಲ. ಕಾಲು ಚಾಚಬಹುದು. ಬೇಜಾರಾದರೆ ಇಳಿದು ನಡೆಯಬಹುದು, ಯಾರೂ ಸೀಟು ಮಡಚಬೇಕಿಲ್ಲ.

ಒಂದು ಮಾತು ಮಾತ್ರ ಚೇಷ್ಟೆಯಿಲ್ಲದೆ ಹೇಳುತ್ತೇನೆ. ತಮ್ಮ ಬೆಲ್ಟು ಹಾಕದಿದ್ದರೆ ಗಾಡಿಯೇ ಬೊಬ್ಬೆ ಹೊಡೆಯುತ್ತದೆ, ಹಾಕಿಕೊಳ್ಳುತ್ತೀರಿ. ನನ್ನದೂ ಮೊಮ್ಮಗನದೂ ರೊಟ್ಟಿ ಗಂಟಿನ ಕೆಳಗೆ ಹೂತಿದೆ. ಬೆಲ್ಟಿಲ್ಲದೆ ಕೂತವರಿಗೆ ಸಾವಿರ ರೂಪಾಯಿ ದಂಡವಿದೆ, ಹಿಂದೆ ಕೂತವರಿಗೂ ಇದೆ. ದಂಡ ಹೋಗಲಿ, ನಮ್ಮ ತಲೆಗೂ ಹಿಂಬಾಗಿಲ ಗಾಜಿಗೂ ಉಳಿದಿರುವುದು ಒಂದು ಗೇಣು. ನರೇಂದ್ರ–ಗಬ್ಬೂರು ಬೈಪಾಸಿನಲ್ಲಿ ಲಾರಿಗಳು ಹೇಗೆ ಬೆನ್ನಿಗೆ ಬರುತ್ತವೆಂದು ಕನ್ನಡಿಯಲ್ಲಿ ನೋಡುವ ತಮಗಿಂತ ಗಾಜಿನಾಚೆಗೇ ನೋಡುವ ನಮಗೆ ಚೆನ್ನಾಗಿ ಗೊತ್ತು. ಹತ್ತುವಾಗ ಗಂಟು ತೆಗೆಸಿ, ಹುಡುಗನ ಬೆಲ್ಟು ತಾವೇ ಹಾಕಿ.

ಹಾಗೂ ಒಂದು ಸಲ, ಒಂದೇ ಸಲ, ಕೀಲಿ ಅಳಿಯಂದಿರ ಕೈಗೆ ಕೊಟ್ಟು ತಾವು ಹಿಂದೆ ಬನ್ನಿ. ದೂರ ಬೇಡ, ಕೋರ್ಟ್ ಸರ್ಕಲ್ಲಿನಿಂದ ಉಣಕಲ್ ಕೆರೆಯವರೆಗೆ ಸಾಕು. ನವಲೂರು ದಾಟುವಷ್ಟರಲ್ಲಿ ಈ ಪತ್ರದ ಉಳಿದ ಭಾಗ ತಮಗೇ ಹೊಳೆಯುತ್ತದೆ.

ಇಂತಿ ತಮ್ಮ ಬೆನ್ನ ಹಿಂದೆಯೇ ಇರುವ,
ಮಾಮಾ

ತಾ.ಕ.: ಈ ಸಲ ಉಳವಿಗೆ ಹೋಗುವಾಗ ನಡುವಿನ ಸೀಟು ಕೊಡುವುದಾದರೆ ಹಿಂದಿನ ದಿನವೇ ತಿಳಿಸಬೇಕು. ಇಲ್ಲವಾದರೆ ಬೆಳಗಿನ ಹಳಿಯಾಳ ಬಸ್ಸು ಹಿಡಿಯುತ್ತೇನೆ. ರೊಟ್ಟಿ ಗಂಟು ನನ್ನ ಜೊತೆಗೇ ಬರುತ್ತದೆ.